ಬಿದಿರುಮೆಳೆಯ ಮುಳ್ಳು ಮತ್ತು ಒಂದು ರಾಷ್ಟ್ರೀಯ ವೇದಿಕೆ

ಹೆಬ್ಬಿದಿರಿನ ಮೆಳೆಯ ಬುಡವನ್ನು ಮುಳ್ಳುಗೆಲ್ಲುಗಳು ಎಷ್ಟು ಬಿಗಿಯಾಗಿ ಸುತ್ತುವರಿದಿರುತ್ತವೆಂದರೆ, ಒಳಗೆ ಕೈ ತೂರಿಸುವುದೂ ಕಷ್ಟ. ಮಳೆ ಹಿಡಿದ ಮೇಲೆ ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಮೂಡುವುದು ಆ ಮುಳ್ಳಿನ ಒಳಗಿನಿಂದಲೇ. 1970ರ ದಶಕದಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆಂದು ಬಿದಿರು ಕಡಿಯುವಾಗ, ಮೆಳೆ ಚೊಕ್ಕವಾಗಿದ್ದರೆ ಚೆನ್ನಾಗಿ ಬೆಳೆಯುತ್ತದೆಂಬ ನಂಬಿಕೆಯಿಂದ ಈ ಮುಳ್ಳನ್ನು ಸವರಿ ಹಾಕುತ್ತಿದ್ದರು. ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ಬಿದಿರು ಸಿಗುತ್ತಿದ್ದರೆ, ಬುಟ್ಟಿ ಹೆಣೆಯುವ ಮೇದಾರರಿಗೆ ಅದು ದುರ್ಲಭವಾಗತೊಡಗಿತ್ತು. ದೂರು ಸರಕಾರದವರೆಗೆ ಹೋಗಿ, 1975ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಅಧ್ಯಯನಕ್ಕೆ ಬಂದರು. ಮುಳ್ಳು ತೆಗೆದರೆ ದನ, ಮುಸಿಯ, ಮುಳ್ಳುಹಂದಿಗಳು ಕಳಲೆಯನ್ನು ತಿಂದು ಮುಗಿಸುತ್ತವೆ, ಮೆಳೆ ಮತ್ತೆ ಚಿಗುರುವುದಿಲ್ಲ ಎಂದು ಹಳ್ಳಿಯವರು ಅವರಿಗೆ ಹೇಳಿದರು. ಪರೀಕ್ಷಿಸಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಗಿತ್ತು.

ಜೀವವೈವಿಧ್ಯದ ವಿಜ್ಞಾನ, ಸರಕಾರದ ನೀತಿ ಮತ್ತು ನೆಲದ ಬಳಕೆ ಈ ಮೂರನ್ನೂ ಒಂದೆಡೆ ತರುವ ರಾಷ್ಟ್ರೀಯ ವೇದಿಕೆಯೊಂದು ಬೇಕೆಂಬ ಮಾತು ಇಂದು ಬಲವಾಗಿದೆ. ಆ ಮಾತಿನ ಬೇರನ್ನು ಹುಡುಕುವಾಗ ನಾನು ಮತ್ತೆ ಮತ್ತೆ ಈ ಮುಳ್ಳಿಗೇ ಬಂದು ನಿಲ್ಲುತ್ತೇನೆ. ಹಳ್ಳಿಯವರಿಗೆ ತಿಳಿದಿದ್ದ ಸಂಗತಿ ನಿರ್ಧಾರ ಮಾಡುವವರ ಮೇಜಿಗೆ ತಲುಪಲು ಹೊರಗಿನಿಂದ ಒಬ್ಬ ವಿಜ್ಞಾನಿ ಬರಬೇಕಾಯಿತು, ಅವರನ್ನು ಕರೆತರಲು ಒಂದು ದೂರು ಬೇಕಾಯಿತು.

ಕೆಲವೇ ವರ್ಷಗಳಲ್ಲಿ ಉತ್ತರ ಕನ್ನಡದ ಬೇಡ್ತಿ ನದಿಯ ಜಲವಿದ್ಯುತ್ ಯೋಜನೆಯ ಪ್ರಶ್ನೆ ಎದುರಾದಾಗ ಶಿರಸಿ ಸೀಮೆಯವರು ದೂರಿಗಷ್ಟೇ ನಿಲ್ಲಲಿಲ್ಲ. ಅಡಿಕೆ ಬೆಳೆಗಾರರೂ ತಜ್ಞರೂ ಒಂದೇ ಸಭೆಯಲ್ಲಿ ಕುಳಿತು, ಮುಳುಗುವ ತೋಟ ಮತ್ತು ಕಾಡಿನ ಬೆಲೆಯನ್ನು ಯೋಜನೆಯ ಲಾಭದೊಡನೆ ತೂಗಿ ನೋಡಿದರು. ಆ ಯೋಜನೆಯನ್ನು ಕೈಬಿಡಲಾಯಿತು. 1983ರ ಸೆಪ್ಟೆಂಬರಿನಲ್ಲಿ ಅದೇ ಸೀಮೆಯ ಸಾಲ್ಕಣಿಯ ಜನ ಕಡಿತ ತಡೆಯಲು ಮರಗಳನ್ನು ಅಪ್ಪಿ ನಿಂತದ್ದನ್ನು ನಾಡೆಲ್ಲ ನೆನೆಯುತ್ತದೆ. ಅದಕ್ಕೂ ಮೊದಲಿನ ಈ ಲೆಕ್ಕಾಚಾರದ ಸಭೆಗಳನ್ನು ನೆನೆಯುವವರು ಕಡಿಮೆ, ಅದು ನನಗೆ ಬೇಸರದ ಸಂಗತಿ.

ದೇಶದ ಮಟ್ಟದ ಕೆಲಸ ಬೇರೆ ದಾರಿಯಲ್ಲಿ ಸಾಗಿತು. ಜೀವವೈವಿಧ್ಯ ಕುರಿತ 1992ರ ರಿಯೊ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1994ರಲ್ಲಿ ಸೇರಿತು. 2002ರಲ್ಲಿ ಜೀವವೈವಿಧ್ಯ ಕಾಯ್ದೆ ಬಂತು, ಮರುವರ್ಷ ಚೆನ್ನೈಯಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಸ್ಥಾಪನೆಯಾಯಿತು. ಪ್ರತಿ ಸ್ಥಳೀಯ ಸಂಸ್ಥೆಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಪ್ರತಿ ಸಮಿತಿಗೂ ಊರಿನ ಜೀವಸಂಪತ್ತನ್ನೂ ಅದರ ಬಗೆಗಿನ ತಿಳಿವನ್ನೂ ಬರೆದಿಡುವ ಒಂದು ಜನತಾ ಜೀವವೈವಿಧ್ಯ ದಾಖಲಾತಿ ಎಂಬುದು ಈ ಕಾಯ್ದೆ ಮತ್ತು 2004ರ ನಿಯಮಗಳು ಹಾಕಿಕೊಟ್ಟ ವ್ಯವಸ್ಥೆ. ಮುಳ್ಳಿನ ವಿಷಯ ತಿಳಿದವನು ಅದನ್ನು ಬರೆಸಲು ಕಾನೂನೇ ಒಂದು ಪುಸ್ತಕ ತೆರೆದಿಟ್ಟಂತಾಯಿತು. ಆದರೆ ಪುಸ್ತಕ ವರ್ಷಗಟ್ಟಲೆ ಖಾಲಿ ಉಳಿದು, ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಬೇಕಾಯಿತು. ಗಡುವಿಗೆ ಹೆದರಿ ತುಂಬಿಸಿದ ಪಟ್ಟಿಯಲ್ಲಿ ಗಿಡದ ಹೆಸರು ಇರಬಹುದು, ಅದು ಯಾವ ಮಳೆಗೆ ಚಿಗುರುತ್ತದೆ, ಯಾರು ಅದನ್ನು ಎಷ್ಟು ಕೊಯ್ಯುತ್ತಾರೆ ಎಂಬುದು ಇರಲಾರದು. ಅದನ್ನು ಬರೆಯಲು ಒಂದು ವರ್ಷದ ಎಲ್ಲ ಋತುಗಳನ್ನೂ ಊರಿನವರೊಡನೆ ಕಳೆಯಬೇಕು.

ಇದೇ ಕಾಲದಲ್ಲಿ ಮಾಹಿತಿ ಸಂಗ್ರಹಗಳೂ ಬೆಳೆದವು. 2008ರಲ್ಲಿ ಇಂಡಿಯಾ ಬಯೊಡೈವರ್ಸಿಟಿ ಪೋರ್ಟಲ್ ಆರಂಭವಾಯಿತು, 2012ರಲ್ಲಿ ಜಾಗತಿಕ ಮಟ್ಟದಲ್ಲಿ ವಿಜ್ಞಾನ ಮತ್ತು ನೀತಿಯನ್ನು ಬೆಸೆಯುವ ಅಂತರಸರಕಾರಿ ವೇದಿಕೆ ರೂಪುಗೊಂಡಿತು. ಪ್ರಧಾನಮಂತ್ರಿಯವರ ವಿಜ್ಞಾನ ಸಲಹಾ ಮಂಡಳಿ ಗುರುತಿಸಿದ ಒಂಬತ್ತು ರಾಷ್ಟ್ರೀಯ ಅಭಿಯಾನಗಳಲ್ಲಿ ಜೀವವೈವಿಧ್ಯ ಮತ್ತು ಮಾನವ ಕ್ಷೇಮದ ಅಭಿಯಾನವೂ ಒಂದು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಮನ್ವಯದಲ್ಲಿ ಹಲವು ಸಂಸ್ಥೆಗಳು ಕೂಡಿ ರೂಪಿಸಿದ ಅದರಲ್ಲಿ ಪ್ರಭೇದಗಳ ದಾಖಲೆಯ ಜೊತೆಗೆ ಕೃಷಿ, ಆರೋಗ್ಯ, ಹವಾಮಾನಗಳೂ ಸೇರಿವೆ. ಅದು ಒಳ್ಳೆಯ ಹೆಜ್ಜೆ. ಆದರೆ ಮಾಹಿತಿ ಮೇಲಕ್ಕೆ ಹರಿದಷ್ಟೇ ಖಚಿತವಾಗಿ ಉತ್ತರ ಕೆಳಕ್ಕೆ ಬರುವ ಏರ್ಪಾಡು ಅದರಲ್ಲಿರಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಕುಮಟಾದಲ್ಲಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆ ಇದಕ್ಕೆ ಸಾಕ್ಷಿ. ಇಳಿತದ ಹೊತ್ತಿಗೆ ಕೆಸರು ತೆರೆದುಕೊಂಡಾಗ ಹೆಂಗಸರು ಸೊಂಟ ಬಗ್ಗಿಸಿ, ಕಾಲಿನಲ್ಲಿ ತಡವಿ, ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ಬುಟ್ಟಿಗೆ ಹಾಕುತ್ತಾರೆ. ತದಡಿಯಲ್ಲಿ 4,000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಿದ್ದ ಕಾಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಬುಟ್ಟಿಗಳ ಲೆಕ್ಕ ಹಾಕಿದರು: ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು, ಅವನ್ನು ನೇರವಾಗಿ ನೆಚ್ಚಿದ ಎರಡು ಸಾವಿರಕ್ಕೂ ಹೆಚ್ಚು ಜನ. ಅಲ್ಲಿಯವರೆಗೆ ಯಾವ ಯೋಜನಾ ವರದಿಯಲ್ಲೂ ಕಾಣದಿದ್ದ ಆದಾಯ ಅದು. ಸ್ಥಾವರ ಬರಲಿಲ್ಲ, 2024ರ ಜನವರಿಯಲ್ಲಿ ಅಳಿವೆಯ 4,801 ಹೆಕ್ಟೇರು ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಪಟ್ಟಿಗೆ ಸೇರಿದ ಮೇಲಿನ ಕೆಲಸ ನಿರ್ವಹಣಾ ಯೋಜನೆಯದು. ಬಳಚು ಯಾವ ತಿಂಗಳು ಹೆಕ್ಕಬಾರದು, ಅಳಿವೆಯಂಚಿನ ಉಪ್ಪುನೀರಿನ ಗದ್ದೆಯಾದ ಗಜನಿಯ ಕಟ್ಟು ಒಡೆದರೆ ಉಪ್ಪು ತಾಳುವ ಕಗ್ಗ ಭತ್ತಕ್ಕೂ ಸೀಗಡಿಗೂ ಏನಾಗುತ್ತದೆ, ಮರಳು ಎಲ್ಲಿ ತೆಗೆದರೆ ಚಿಪ್ಪಿನ ಹಾಸು ಕೆಡುತ್ತದೆ ಎಂಬುದನ್ನು ದಿನವೂ ಆ ಕೆಸರಿಗೆ ಇಳಿಯುವವರಲ್ಲೇ ಕೇಳಬೇಕು. ಅವರ ಉತ್ತರವನ್ನು ಪಂಚಾಯತಿಯ ದಾಖಲಾತಿಯಲ್ಲಿ ಕನ್ನಡದಲ್ಲೇ ಬರೆದು, ಯೋಜನೆ ಅಂತಿಮಗೊಳ್ಳುವ ಮೊದಲು ಮತ್ತೆ ಅವರಿಗೇ ಓದಿ ಹೇಳಬೇಕು.