ಬೆಂಕಿಯ ಸುತ್ತ ನೀರು: ಸೌದೆ ಕೆಟಲ್ ಕೊಳ್ಳುವ ಮುನ್ನ

ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಬಚ್ಚಲಿನಲ್ಲಿ ತಾಮ್ರದ ಬಾಯ್ಲರ್ ಕಂಡವರಿಗೆ ಸೌದೆ ಕೆಟಲ್‌ನ ರಚನೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಾಯ್ಲರ್‌ನ ನಡುವೆ ಒಂದು ಕೊಳವೆ ಮೇಲಿನಿಂದ ಕೆಳಗಿನವರೆಗೆ ಹಾದುಹೋಗಿರುತ್ತದೆ. ತೆಂಗಿನ ಚಿಪ್ಪೋ ಸೌದೆಯ ಚೂರೋ ಅದರೊಳಗೆ ಉರಿಯುತ್ತದೆ, ನೀರು ಅದರ ಸುತ್ತ ನಿಂತಿರುತ್ತದೆ. ಬಯಲಿನಲ್ಲಿ ಕಾಫಿಗೋ ಚಹಾಕ್ಕೋ ನೀರು ಕುದಿಸುವ ಸೌದೆ ಕೆಟಲ್ ಅದೇ ತತ್ತ್ವದ ಚಿಕ್ಕ ರೂಪ. ರಷ್ಯಾದ ಮತ್ತು ಕಾಶ್ಮೀರದ ಸಮೋವಾರ್‌ಗಳದೂ ಇದೇ ಕುಲ. ಐರ್ಲೆಂಡಿನ ಮೇಯೊ ಕೌಂಟಿಯ ಕೆಲ್ಲಿ ಕುಟುಂಬದ ಹೆಸರಿನಲ್ಲಿ ಇಂಥ ಕೆಟಲ್ ಇಂದಿಗೂ ತಯಾರಾಗುತ್ತಿದೆ. ನ್ಯೂಜಿಲೆಂಡಿನ ಜಾನ್ ಹಾರ್ಟ್ 1929ರಲ್ಲಿ ರೂಪಿಸಿದ 'ಥರ್ಮೆಟ್' ಎಂಬ ಇಂಥದೇ ಕೆಟಲ್ ಎರಡನೆಯ ಮಹಾಯುದ್ಧದಲ್ಲಿ ಆ ದೇಶದ ಸೈನಿಕರ ಜೊತೆ ಉತ್ತರ ಆಫ್ರಿಕದ ಮರುಭೂಮಿಗೆ ಹೋಗಿ 'ಬೆಂಗಾಜಿ ಬಾಯ್ಲರ್' ಎಂಬ ಅಡ್ಡಹೆಸರು ಪಡೆಯಿತು.

ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಲೋಹ ಯಾವುದು ಎಂದು. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ನಡುವಿನ ಕೊಳವೆಯನ್ನು, ಏಕೆಂದರೆ ಕೆಟಲ್‌ನ ಗುಣದ ಬಹುಪಾಲು ಅಲ್ಲಿಯೇ ನಿರ್ಧಾರವಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಲೀಟರ್ ನೀರನ್ನು ಬೆಂಗಳೂರಿನಲ್ಲಿ ಕುದಿಸಲು ಸುಮಾರು 300 ಕಿಲೋಜೂಲ್ ಶಾಖ ಸಾಕು. ಚೆನ್ನಾಗಿ ಒಣಗಿದ ಸೌದೆಯ ಒಂದು ಕಿಲೋದಲ್ಲಿ ಸುಮಾರು 15,000 ಕಿಲೋಜೂಲ್ ಇರುತ್ತದೆ. ಅಂದರೆ ಶಾಖವೆಲ್ಲ ನೀರಿಗೇ ಸೇರುವುದಾದರೆ 20 ಗ್ರಾಂ ಕಡ್ಡಿಯಲ್ಲಿ ಕೆಲಸ ಮುಗಿಯಬೇಕು. ಮೂರು ಕಲ್ಲಿನ ಬಯಲು ಒಲೆಯಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ತಲುಪಿ ಉಳಿದದ್ದು ಗಾಳಿಪಾಲಾದರೆ, ಅದೇ ನೀರಿಗೆ 200 ಗ್ರಾಂ ಸೌದೆ ಬೇಕಾಗುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಕಡಿಮೆ ಮಾಡುವುದೇ ಕೊಳವೆಯ ಕೆಲಸ.

ಅದು ಹೇಗೆಂದು ಲೆಕ್ಕ ಹಾಕಿ ನೋಡಬಹುದು. 16 ಸೆಂಟಿಮೀಟರ್ ಅಗಲದ ಪಾತ್ರೆಯ ತಳದ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್. ಸರಾಸರಿ 8 ಸೆಂಟಿಮೀಟರ್ ಅಗಲ, 22 ಸೆಂಟಿಮೀಟರ್ ಎತ್ತರದ ಕೊಳವೆಯ ಒಳಮೈ 550 ಚದರ ಸೆಂಟಿಮೀಟರಿಗೂ ಹೆಚ್ಚು. ಜ್ವಾಲೆ ತಳಕ್ಕೆ ಬಡಿದು ಬದಿಗೆ ಚದುರಿಹೋಗುವ ಬದಲು ಆ ಮೈಯುದ್ದಕ್ಕೂ ಸವರಿಕೊಂಡು ಏರುತ್ತದೆ. ಬೀಸುವ ಗಾಳಿಗೆ ಅದು ನೇರವಾಗಿ ಸಿಗುವುದೂ ಇಲ್ಲ. ಜೊತೆಗೆ ಕೊಳವೆ ತಾನೇ ಚಿಮಣಿಯೂ ಆಗುತ್ತದೆ. 600 ಡಿಗ್ರಿಗೆ ಕಾದ ಅನಿಲದ ಸಾಂದ್ರತೆ ಹೊರಗಿನ ಗಾಳಿಯ ಮೂರರಲ್ಲೊಂದು ಪಾಲಿನಷ್ಟಿರುವುದರಿಂದ ಅದು ಮೇಲೇರುತ್ತದೆ, ಕೆಟಲ್‌ನ ಕೆಳಗೆ ಬೆಂಕಿ ಹೊತ್ತಿಸುವ ಒಲೆತಟ್ಟೆಯ ಕಂಡಿಯಿಂದ ಹೊಸ ಗಾಳಿ ಒಳನುಗ್ಗುತ್ತದೆ. 30 ಸೆಂಟಿಮೀಟರ್ ಕೊಳವೆಯಲ್ಲಿ ಹುಟ್ಟುವ ಈ ಸೆಳೆತ ಎರಡು ಪ್ಯಾಸ್ಕಲ್‌ನಷ್ಟು ಮಾತ್ರ. ಬೆಂಗಳೂರಿನ ವಾಯುಒತ್ತಡವೇ ಸುಮಾರು 91,000 ಪ್ಯಾಸ್ಕಲ್ ಎಂಬುದನ್ನು ನೆನೆದರೆ ಇದು ಏನೂ ಅಲ್ಲವೆನಿಸುತ್ತದೆ. ಆದರೂ ಊದುಕೊಳವೆ ಇಲ್ಲದೆ ಕಡ್ಡಿಗಳು ಭೋರೆಂದು ಉರಿಯಲು ಅಷ್ಟೇ ಸಾಕು. ಕೊಳವೆ ತೀರ ಅಗಲವಾಗಿದ್ದರೆ ನಡುವಿನ ಬಿಸಿ ಅನಿಲ ಲೋಹವನ್ನು ಮುಟ್ಟದೆ ಹೊರಬೀಳುತ್ತದೆ, ತೀರ ಕಿರಿದಾಗಿದ್ದರೆ ಹೊಗೆ ಕಟ್ಟಿಕೊಳ್ಳುತ್ತದೆ. ಬುಡದಲ್ಲಿ ಅಗಲವಾಗಿದ್ದು ಮೇಲೆ ಹೋದಂತೆ ಕಿರಿದಾಗುವ, ಎತ್ತರ ಸಾಕಷ್ಟಿರುವ ಕೊಳವೆ ಒಳ್ಳೆಯದು. ಕುಳ್ಳಗಿನ, ಡೊಳ್ಳು ಹೊಟ್ಟೆಯ ಕೆಟಲ್ ಕಪಾಟಿನಲ್ಲಿ ಅಂದವಾಗಿ ಕಾಣಬಹುದು, ಬೆಂಕಿಯ ಮೇಲೆ ಹಿಂದೆ ಬೀಳುತ್ತದೆ.

ಇನ್ನು ಲೋಹದ ಮಾತು. ತಾಮ್ರದ ಶಾಖವಾಹಕತೆ ಸ್ಟೇನ್‌ಲೆಸ್ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು, ಅಲ್ಯೂಮಿನಿಯಂನದು ಹತ್ತು ಪಟ್ಟಿಗೂ ಹೆಚ್ಚು. ಹಾಗಾದರೆ ತಾಮ್ರದ ಕೆಟಲ್‌ನಲ್ಲಿ ನೀರು ಇಪ್ಪತ್ತು ಪಟ್ಟು ಬೇಗ ಕುದಿಯಬೇಕಲ್ಲವೇ? ಹಾಗಾಗುವುದಿಲ್ಲ, ಮತ್ತು ಕಾರಣ ಬಹಳ ಸೊಗಸಾದದ್ದು. ಶಾಖ ಮೊದಲು ಬಿಸಿ ಅನಿಲದಿಂದ ಲೋಹಕ್ಕೆ, ಆಮೇಲೆ ಲೋಹದ ಮೂಲಕ, ಕೊನೆಗೆ ನೀರಿಗೆ ದಾಟಬೇಕು. ಲೋಹದ ಮೈಗೆ ಅಂಟಿಕೊಂಡಂತಿರುವ ಅನಿಲದ ತೆಳು ಪದರ ಶಾಖಕ್ಕೆ ಒಡ್ಡುವ ತಡೆ, ಅರ್ಧ ಮಿಲಿಮೀಟರ್ ದಪ್ಪದ ಸ್ಟೀಲ್ ತಗಡು ಒಡ್ಡುವ ತಡೆಗಿಂತ ನೂರಾರು ಪಟ್ಟು ದೊಡ್ಡದು. ಅಷ್ಟು ದೊಡ್ಡ ತಡೆಯನ್ನು ದಾಟಿ ಬಂದ ಶಾಖಕ್ಕೆ ತಗಡು ಸ್ಟೀಲಿನದೋ ತಾಮ್ರದ್ದೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಕೊಳವೆಯೊಳಗೆ ಕಟ್ಟುವ ಮಸಿಯ ಪದರ ಲೋಹದ ಆಯ್ಕೆಗಿಂತ ಹೆಚ್ಚು ವ್ಯತ್ಯಾಸ ಮಾಡುತ್ತದೆ. ಆಗಾಗ ಅದನ್ನು ಕೆರೆದು ತೆಗೆಯುವುದು ಲಾಭದಾಯಕ.

ಆದ್ದರಿಂದ ಲೋಹವನ್ನು ವೇಗಕ್ಕಾಗಿ ಆರಿಸಬಾರದು, ತೂಕ ಮತ್ತು ಬಾಳಿಕೆ ನೋಡಿ ಆರಿಸಬೇಕು. ಅಲ್ಯೂಮಿನಿಯಂ ಸ್ಟೀಲಿನ ಮೂರರಲ್ಲೊಂದು ಪಾಲು ತೂಗುತ್ತದೆ, ಬೆನ್ನಚೀಲದಲ್ಲಿ ಹೊತ್ತು ನಡೆಯುವವರಿಗೆ ಹಿತ. ಆದರೆ ಅದು ಕರಗುವುದು 660 ಡಿಗ್ರಿಯಲ್ಲಿ, ಸೌದೆಯ ಜ್ವಾಲೆ ಅದನ್ನು ಸುಲಭವಾಗಿ ಮೀರುತ್ತದೆ. ಒಳಗೆ ನೀರಿರುವವರೆಗೂ ತಗಡಿನ ಉಷ್ಣತೆ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಅಪಾಯವಿಲ್ಲ. ಶಾಲೆಯಲ್ಲಿ ಕಾಗದದ ಲೋಟದಲ್ಲಿ ನೀರು ಕುದಿಸಿ ತೋರಿಸುವ ಪ್ರಯೋಗ ಸಾಧ್ಯವಾಗುವುದೂ ಇದರಿಂದಲೇ. ನೀರು ಬತ್ತಿದ ಮೇಲೂ ಉರಿ ಮುಂದುವರಿದರೆ ಬೆಸುಗೆ ಬಿಡುತ್ತದೆ, ತಗಡು ಸೊಟ್ಟಗಾಗುತ್ತದೆ. ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಕಡೆ ತಾಮ್ರದಲ್ಲಿ ಮಾಡಿಸಲು ಮನಸ್ಸಾದವರು ಇನ್ನೊಂದನ್ನು ಗಮನಿಸಬೇಕು: ಸ್ನಾನದ ನೀರಿನ ಬಾಯ್ಲರ್‌ಗೆ ಕಲಾಯಿ ಬೇಕಿಲ್ಲ, ಕುಡಿಯುವ ನೀರಿನ ಪಾತ್ರೆಗೆ ಬೇಕು, ಮತ್ತು ಕಲಾಯಿಯ ತವರ 232 ಡಿಗ್ರಿಯಲ್ಲೇ ಕರಗುತ್ತದೆ. ಕುಟುಂಬದವರೆಲ್ಲ ಬಳಸುವ ಕೆಟಲ್‌ಗೆ ಸ್ಟೇನ್‌ಲೆಸ್ ಸ್ಟೀಲೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಗಾತ್ರದ ವಿಷಯ ಸರಳ: ಒಬ್ಬಿಬ್ಬರಿಗೆ ಅರ್ಧ ಲೀಟರಿನ ಆಸುಪಾಸು, ನಾಲ್ಕೈದು ಮಂದಿಗೆ ಒಂದೂವರೆ ಲೀಟರ್. ಬಿರಡೆಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕೇ ಬೇಕು. ಅದು ಇರುವುದು ಸಾಗಿಸುವಾಗ ನೀರು ಚೆಲ್ಲದಿರಲೆಂದು. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಬಿರಡೆ ಹಾಕಿಯೇ ಬೆಂಕಿಗಿಟ್ಟರೆ ಕುದಿನೀರು ಮುಖಕ್ಕೆ ಚಿಮ್ಮುವುದು ಖಂಡಿತ. ಹಿಡಿಕೆ ಕೊಳವೆಯ ಬಾಯಿಯ ನೇರಕ್ಕೆ ಬರುವಂತಿದ್ದರೆ ಕೈ ಸುಡುತ್ತದೆ. ಅದು ಬದಿಗೆ ಬಾಗಿ ನಿಲ್ಲಬೇಕು, ಬುಡವನ್ನು ಓರೆಮಾಡಿ ಬಗ್ಗಿಸಲು ಕೆಳಗೊಂದು ಸರಪಳಿಯೋ ಹಿಡಿಯೋ ಇರಬೇಕು.

ಬೆಂಕಿ ಹೊತ್ತಿಸಿದ ಮೊದಲ ನಿಮಿಷಗಳಲ್ಲಿ ಕೊಳವೆಯ ಒಳಗಿನಿಂದ ಹನಿಗಳು ಇಳಿದು ಕೆಂಡದ ಮೇಲೆ ಚುಂಯ್ ಎನ್ನುತ್ತವೆ. ಹೊಸಬರು ಇದನ್ನು ಸೋರಿಕೆಯೆಂದು ತಿಳಿದು ಅಂಗಡಿಗೆ ಮರಳಿಸುವುದುಂಟು. ಸೌದೆ ಉರಿದಾಗ ಹುಟ್ಟುವ ನೀರಾವಿ ತಣ್ಣಗಿನ ಲೋಹಕ್ಕೆ ತಾಗಿ ಬೆವರಿದಂತೆ ಇಳಿಯುವುದು ಅದು. ನೀರು ಕಾದಂತೆ ತಾನಾಗಿ ನಿಲ್ಲುತ್ತದೆ. ಹಸಿ ಸೌದೆಯಲ್ಲಿ ಇದು ಹೆಚ್ಚು, ಏಕೆಂದರೆ ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಅದನ್ನು ಆವಿಮಾಡಲು ಶಾಖ ವ್ಯರ್ಥವಾಗುತ್ತದೆ. ಬೆರಳ ಗಾತ್ರದ ಒಣ ಸರ್ವೆ ಕಡ್ಡಿ, ತೆಂಗಿನ ಗರಿಯ ದಿಂಡು, ಚಿಪ್ಪಿನ ಚೂರು ಚೆನ್ನಾಗಿ ಉರಿಯುತ್ತವೆ. ನಗರದ ರಸ್ತೆ ವಿಭಜಕಗಳಲ್ಲಿ ಧಾರಾಳವಾಗಿ ಬೆಳೆದಿರುವ ಕಣಗಿಲೆಯನ್ನು ಎಂದಿಗೂ ಬಳಸಬಾರದು. ಗಿಡದ ಎಲ್ಲ ಭಾಗವೂ ವಿಷ, ಹೊಗೆಯೂ ಹಾನಿಕರ.

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯಲ್ಲೇ ಕುದಿಯುತ್ತದೆ. ರೋಗಾಣುಗಳನ್ನು ಕೊಲ್ಲಲು ಅದು ಧಾರಾಳ. ಕೊತಕೊತ ಕುದಿಯನ್ನು ಒಂದು ನಿಮಿಷ ಬಿಟ್ಟರೆ ಸಾಕು. ಆದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕೊಳವೆಬಾವಿಗಳಲ್ಲಿ ಕಾಣುವ ಫ್ಲೋರೈಡನ್ನು ಕುದಿಸುವುದರಿಂದ ತೆಗೆಯಲಾಗದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಅಂಥ ಊರುಗಳ ಕಡೆ ಹೋಗುವವರು ನೀರನ್ನು ಮನೆಯಿಂದಲೇ ಒಯ್ಯಬೇಕು.

ಎಲ್ಲಿ ಹೊತ್ತಿಸಬೇಕು ಎಂಬುದೂ ಆಯ್ಕೆಯ ಭಾಗವೇ. ಮುಚ್ಚಿದ ಬಾಲ್ಕನಿಯಲ್ಲಿ, ಡೇರೆಯೊಳಗೆ ಕೂಡದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಸೇರಿರುವುದು ತಿಳಿಯುವುದೇ ಇಲ್ಲ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದನ್ನು 1963ರ ಕರ್ನಾಟಕ ಅರಣ್ಯ ಕಾಯ್ದೆ ನಿಷೇಧಿಸುತ್ತದೆ, ಕೆಟಲ್‌ನೊಳಗಿನ ಬೆಂಕಿಯೂ ಬೆಂಕಿಯೇ. ಹೊಲದ ಬದು, ತೋಟ, ಸ್ವಂತ ಮಹಡಿ ಇವು ತಕ್ಕ ಜಾಗಗಳು. ಅಲ್ಲಿಯೂ ಒಲೆತಟ್ಟೆಯನ್ನು ಕಲ್ಲಿನ ಮೇಲಿಟ್ಟು, ಗಾಳಿಕಂಡಿಯನ್ನು ಗಾಳಿ ಬರುವ ಕಡೆಗೆ ತಿರುಗಿಸಿ, ಕೆಟಲ್ ಎತ್ತಿದ ಮೇಲೆ ತಟ್ಟೆಯಲ್ಲಿ ಉಳಿದ ಕೆಂಡಕ್ಕೆ ನೀರು ಹಾಕಿ ಪೂರ್ತಿ ಆರಿಸಬೇಕು.