ಕ್ರೈಸ್ತ ಶಿಶುವಿಹಾರದಲ್ಲಿ ಶಿಶುಕೇಂದ್ರಿತ ಕಲಿಕೆ: ಒಂದು ಅಧ್ಯಯನ ಟಿಪ್ಪಣಿ

ಶಿಶುಕೇಂದ್ರಿತ ಶಿಕ್ಷಣವೆಂದರೆ ಮಗುವನ್ನು ಅದರ ಪಾಡಿಗೆ ಬಿಟ್ಟುಬಿಡುವುದು ಎಂದೂ, ಕ್ರೈಸ್ತ ಶಿಶುವಿಹಾರವೆಂದರೆ ಬೈಬಲ್ ವಾಕ್ಯಗಳನ್ನು ಬಾಯಿಪಾಠ ಮಾಡಿಸುವ ಜಾಗವೆಂದೂ ತಿಳಿದವರು ನಮ್ಮ ಬೀದರ, ಕಲಬುರಗಿ ಭಾಗದಲ್ಲಿ ಇದ್ದಾರೆ. ಎರಡೂ ತಪ್ಪು ತಿಳಿವಳಿಕೆಗಳೇ. ಪೂರ್ವ ಪ್ರಾಥಮಿಕ ತರಬೇತಿಯಲ್ಲಿರುವ ನಾವು ಮೊದಲು ಇವನ್ನು ತಿದ್ದಿಕೊಳ್ಳಬೇಕು.

ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ, ಪರಲೋಕ ರಾಜ್ಯದಲ್ಲಿ ಯಾರು ದೊಡ್ಡವರು ಎಂದು ಶಿಷ್ಯರು ಕೇಳಿದಾಗ, ಯೇಸು ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸುತ್ತಾರೆ. ಅಲ್ಲಿ ಕಲಿಯಬೇಕಾದವರು ದೊಡ್ಡವರು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಶಿಶುಶಿಕ್ಷಣದ ಇತಿಹಾಸವೂ ಸುಲಭವಾಗಿ ಅರ್ಥವಾಗುತ್ತದೆ: ಮಗುವನ್ನು ಕಲಿಕೆಯ ನಡುವೆ ನಿಲ್ಲಿಸಿದವರಲ್ಲಿ ಹಲವರು ಕ್ರೈಸ್ತ ಹಿನ್ನೆಲೆಯವರೇ. 1658ರಲ್ಲಿ ಮಕ್ಕಳಿಗಾಗಿ ಚಿತ್ರಸಹಿತ ಪಠ್ಯವನ್ನು ಪ್ರಕಟಿಸಿದ ಕೊಮೇನಿಯಸ್ ಒಬ್ಬ ಬಿಷಪ್ ಆಗಿದ್ದರು. 1840ರಲ್ಲಿ ತಮ್ಮ ಶಿಶುಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಫ್ರೋಬೆಲ್ ಲೂಥರನ್ ಪಾದ್ರಿಯ ಮಗ. 1907ರಲ್ಲಿ ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ‘ಮಕ್ಕಳ ಮನೆ’ ಎಂಬ ಶಿಶುಶಾಲೆಯನ್ನು ತೆರೆದು, 1939ರಲ್ಲಿ ಭಾರತಕ್ಕೂ ಬಂದ ಮಾರಿಯಾ ಮಾಂಟೆಸ್ಸೋರಿ ಕ್ಯಾಥೋಲಿಕರು.

ಮಾಂಟೆಸ್ಸೋರಿಯವರಿಂದ ನಾವು ಪಡೆಯಬೇಕಾದ ಮುಖ್ಯ ತತ್ತ್ವವೆಂದರೆ ಸಿದ್ಧಪಡಿಸಿದ ಪರಿಸರ. ಮಗುವಿಗೆ ಆಯ್ಕೆಯುಂಟು, ಆದರೆ ಆಯ್ದುಕೊಳ್ಳಬೇಕಾದ ವಸ್ತುಗಳನ್ನು ಟೀಚರ್ ಮೊದಲೇ ಯೋಚಿಸಿ ಜೋಡಿಸಿರುತ್ತಾರೆ. ನಮ್ಮಲ್ಲಿ ದುಬಾರಿ ಸಾಮಗ್ರಿಯಿಲ್ಲ ಎಂದು ಕೈಚೆಲ್ಲಬೇಕಿಲ್ಲ. ಒಂದು ತಟ್ಟೆಯಲ್ಲಿ ಎರಡು ಬಟ್ಟಲು, ಒಂದರ ತುಂಬ ತೊಗರಿಬೇಳೆ, ಜೊತೆಗೊಂದು ಚಮಚ, ಇಷ್ಟೇ ಸಾಕು. ನಾಲ್ಕು ವರ್ಷದ ಮಗು ತುಟಿ ಬಿಗಿಹಿಡಿದು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಬೇಳೆ ಹಾಕುತ್ತದೆ. ಕೆಲವು ಕಾಳು ಫರ್ಸಿಯ ಮೇಲೆ ಚೆಲ್ಲುತ್ತವೆ. ಆಗ ಗದರದೆ, ಕೈಗೆಟಕುವಲ್ಲಿ ಸಣ್ಣ ಪೊರಕೆ ಇಟ್ಟಿದ್ದರೆ ಮಗುವೇ ಗುಡಿಸಿಕೊಳ್ಳುತ್ತದೆ. ಮುಂದೆ ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳಿಗೆ ಬಲ ಬರುವುದು ಹೀಗೆ. (ಮೂರು ವರ್ಷದೊಳಗಿನ ಮಕ್ಕಳು ಕಾಳನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳುವ ಅಪಾಯವಿರುವುದರಿಂದ ಅವರಿಗೆ ಈ ಚಟುವಟಿಕೆ ಬೇಡವೇ ಬೇಡ.)

ಧರ್ಮಬೋಧನೆಗೂ ಇದೇ ಕ್ರಮ ಹೊಂದುತ್ತದೆ. 1954ರಲ್ಲಿ ರೋಮ್‌ನಲ್ಲಿ ಸೋಫಿಯಾ ಕವಲೆಟ್ಟಿ ಮತ್ತು ಜಿಯಾನ್ನಾ ಗೊಬ್ಬಿ ಆರಂಭಿಸಿದ ಪದ್ಧತಿಯಲ್ಲಿ, ಒಳ್ಳೆಯ ಕುರುಬನ ಸಾಮ್ಯವನ್ನು (ಯೇಸು ಹೇಳಿದ ದೃಷ್ಟಾಂತವನ್ನು) ಹೇಳಿದ ಮೇಲೆ ಮರದ ಕುರಿಗಳನ್ನೂ ದೊಡ್ಡಿಯನ್ನೂ ಮಗುವಿನ ಕೈಗೆ ಕೊಡಲಾಗುತ್ತದೆ. ಕಂಬಳಿ ಹೊದ್ದು ಕುರಿಹಿಂಡು ಹೊಡೆದುಕೊಂಡು ಹೋಗುವವರನ್ನು ನಮ್ಮ ಮಕ್ಕಳು ರಸ್ತೆಯಲ್ಲೇ ಕಂಡಿರುತ್ತಾರೆ. ಆದ್ದರಿಂದ ಕುರುಬನು ಪ್ರತಿ ಕುರಿಯನ್ನೂ ಹೆಸರು ಹಿಡಿದು ಕರೆಯುತ್ತಾನೆ ಎಂಬ ಮಾತು ಅವರಿಗೆ ಬೇಗ ತಲುಪುತ್ತದೆ. ಕಥೆ ಮುಗಿದ ಕೂಡಲೇ ಪ್ರಶ್ನೆ ಕೇಳಿ ಉತ್ತರ ಒಪ್ಪಿಸಿಕೊಳ್ಳುವುದಕ್ಕಿಂತ, ಮಗು ಕುರಿಗಳನ್ನು ಸರಿಸುತ್ತ ಏನು ಮಾತಾಡಿಕೊಳ್ಳುತ್ತದೆ ಎಂದು ಸುಮ್ಮನೆ ಕೇಳಿಸಿಕೊಳ್ಳುವುದು ಮೇಲು.

ಬೀದರಿನಂಥ ಊರಿನಲ್ಲಿ ಒಂದೇ ತರಗತಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಮನೆಮಾತಿನ ಮಕ್ಕಳು ಕೂಡಿರಬಹುದು, ಅವರಲ್ಲಿ ಕ್ರೈಸ್ತರಲ್ಲದವರೂ ಇರುತ್ತಾರೆ. ಅಳುವ ಮಗುವನ್ನು ಅದರ ಮನೆಮಾತಿನಲ್ಲೇ ಸಂತೈಸಲು ನಾಲ್ಕಾರು ಮಾತುಗಳನ್ನಾದರೂ ಟೀಚರ್ ಕಲಿತಿರಬೇಕು. ಸಂವಿಧಾನದ 28(3)ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯು ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಇದನ್ನು ಕೇವಲ ಕಾನೂನಿನ ಕಟ್ಟಳೆಯೆಂದು ನೋಡಬಾರದು. ಮಗುವಿನ ಮನೆಯನ್ನು ಗೌರವಿಸದೆ ಮಗುವನ್ನು ಗೌರವಿಸಲಾಗದು.

ನಮಗೆ ಎದುರಾಗುವ ದೊಡ್ಡ ಒತ್ತಡ ಪೋಷಕರದು: ಎಲ್‌ಕೆಜಿಗೆ ಸೇರಿಸಿದ ತಿಂಗಳಲ್ಲೇ ನೋಟ್‌ಬುಕ್ ತುಂಬಿರಬೇಕು ಎನ್ನುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಅವಧಿಯನ್ನು ಆಟ ಮತ್ತು ಚಟುವಟಿಕೆ ಆಧಾರಿತ ಬುನಾದಿ ಹಂತವೆಂದು ಗುರುತಿಸಿದೆ ಎಂದು ಅವರಿಗೆ ತಿಳಿಸಬಹುದು. ಆದರೆ ನೀತಿಯ ಹೆಸರು ಹೇಳಿದ ಮಾತ್ರಕ್ಕೆ ಯಾರೂ ಒಪ್ಪುವುದಿಲ್ಲ. ಪ್ರತಿ ಮಗುವಿನ ಬಗ್ಗೆ ದಿನಾಂಕ ಹಾಕಿ ಎರಡು ಸಾಲಿನ ಅವಲೋಕನ ಬರೆದಿಟ್ಟು, ಜೂನ್‌ನಲ್ಲಿ ಗುಂಡಿ ಹಾಕಿಕೊಳ್ಳಲು ಬಾರದಿದ್ದ ಮಗು ದಸರೆಯ ಹೊತ್ತಿಗೆ ಗೆಳೆಯನ ಅಂಗಿಗೂ ಗುಂಡಿ ಹಾಕಿಕೊಟ್ಟಿದ್ದನ್ನು ಪೋಷಕರ ಸಭೆಯಲ್ಲಿ ಓದಿ ಹೇಳಬೇಕು.