ಎಕ್ಸ್ ಬರೆಯುವ ಮೊದಲು

ಮೊದಲ ಪಿಯುಸಿಯಲ್ಲಿ ರಾಸಾಯನಿಕ ಸಮತೋಲನದ ಪಾಠ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನೋಟ್‌ಬುಕ್ ಹಿಡಿದ ಮಕ್ಕಳು ಕಾಣಿಸಿಕೊಳ್ಳುತ್ತಾರೆ. ಮಾತು ಪ್ರತಿ ವರ್ಷ ಒಂದೇ. "ಮೇಡಂ, ಥಿಯರಿ ಅರ್ಥ ಆಗುತ್ತೆ, ಪ್ರಾಬ್ಲಮ್ ಮಾತ್ರ ಬರಲ್ಲ." ನೋಟ್‌ಬುಕ್ ತೆರೆದು ನೋಡಿದರೆ ಪ್ರಶ್ನೆಯ ಕೆಳಗೆ ಮೊದಲ ಸಾಲಲ್ಲೇ ಎಕ್ಸ್ ಕೂತಿರುತ್ತದೆ. ಅದರ ಕೆಳಗೆ ಅರ್ಧ ಪುಟ ಬೀಜಗಣಿತ. ಬೀಜಗಣಿತದಲ್ಲಿ ತಪ್ಪಿರುವುದು ಅಪರೂಪ. ಆ ಎಕ್ಸ್ ಏನು, ಅದು ಯಾವ ಕಡೆಗೆ ಹೋಗುತ್ತಿದೆ, ಎಷ್ಟು ದೊಡ್ಡದಿರಬಹುದು ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ.

ದಾವಣಗೆರೆಯಲ್ಲಿ ಪಾಠ ಮಾಡಲು ಶುರು ಮಾಡಿ 22 ವರ್ಷ ಆಯಿತು. ಈ ಅಧ್ಯಾಯದಲ್ಲಿ ಮಕ್ಕಳು ಎಡವುವುದು ಲೆಕ್ಕದಲ್ಲಲ್ಲ, ಲೆಕ್ಕಕ್ಕೆ ಮೊದಲೇ ಎಂದು ಈಗ ನನಗೆ ಖಾತ್ರಿಯಾಗಿದೆ. ಅದಕ್ಕೇ ಪೆನ್ನು ಮುಟ್ಟುವ ಮುಂಚೆ ಏನು ಮಾಡಬೇಕು ಅನ್ನುವುದನ್ನೇ ಇಲ್ಲಿ ಜಾಸ್ತಿ ಬರೆಯುತ್ತೇನೆ.

ಮೊದಲು ನನ್ನದೇ ಒಂದು ತಪ್ಪು ಹೇಳಬೇಕು. ಸಮತೋಲನ ಎಂದರೆ ಕ್ರಿಯೆ ನಿಂತುಹೋಗಿದೆ ಎಂದಲ್ಲ, ಎರಡೂ ದಿಕ್ಕಿನ ಕ್ರಿಯೆ ಒಂದೇ ವೇಗದಲ್ಲಿ ನಡೆಯುತ್ತಿದೆ ಎಂದು. ಇದನ್ನು ಹೇಳಲು ಎಷ್ಟೋ ವರ್ಷ ಕುಂದವಾಡ ಕೆರೆಯನ್ನು ಉದಾಹರಣೆ ಕೊಡುತ್ತಿದ್ದೆ. ಭದ್ರಾ ಕಾಲುವೆಯಿಂದ ನೀರು ಬರುತ್ತದೆ, ಊರಿಗೆ ನೀರು ಹೋಗುತ್ತದೆ, ಬಂದಷ್ಟೇ ಹೋದರೆ ಕೆರೆಯ ಮಟ್ಟ ಹಾಗೇ ಇರುತ್ತದೆ ಅಂತ. ಮಕ್ಕಳಿಗೆ ಇಷ್ಟವಾಗುತ್ತಿತ್ತು. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಕಾಲುವೆ ನಿಲ್ಲಿಸಿದ್ರೆ ಕೆರೆ ಖಾಲಿ ಆಗುತ್ತಲ್ವಾ? ಮುಚ್ಚಿದ ಪಾತ್ರೆಗೆ ಯಾರೂ ಏನೂ ಹಾಕ್ತಾ ಇಲ್ವಲ್ಲ?" ಅವಳು ಹೇಳಿದ್ದು ಸರಿ. ಕೆರೆಗೆ ನೀರು ಒಂದು ದಾರಿಯಲ್ಲಿ ಬಂದು ಇನ್ನೊಂದು ದಾರಿಯಲ್ಲಿ ಹೋಗುತ್ತದೆ. ಅದು ಹರಿವಿನ ಸ್ಥಿರತೆ. ಸಮತೋಲನದಲ್ಲಿ ಹೋದ ದಾರಿಯಲ್ಲೇ ವಾಪಸ್ ಬರುವುದು, ಹೊರಗಿನಿಂದ ಏನೂ ಬರುವಂತಿಲ್ಲ. ಈಗ ನಾನು ಎರಡು ಕೋಣೆ, ಮಧ್ಯೆ ಒಂದೇ ಬಾಗಿಲು ಎನ್ನುತ್ತೇನೆ. ಆ ಕಡೆಗೆ ನಿಮಿಷಕ್ಕೆ ಹತ್ತು ಜನ, ಈ ಕಡೆಗೆ ನಿಮಿಷಕ್ಕೆ ಹತ್ತು ಜನ. ಎರಡೂ ಕೋಣೆಯಲ್ಲಿ ಜನ ಸಮ ಇರಬೇಕಿಲ್ಲ. ಒಂದರಲ್ಲಿ 70, ಇನ್ನೊಂದರಲ್ಲಿ 20 ಇರಬಹುದು. "ಸಮ" ಎಂಬ ಪದ ಕೇಳಿ ಎರಡೂ ಕಡೆ ಅರ್ಧರ್ಧ ಎಂದುಕೊಳ್ಳುವ ಮಕ್ಕಳು ತುಂಬಾ ಇದ್ದಾರೆ. ಸಮ ಇರುವುದು ವೇಗ, ಪ್ರಮಾಣ ಅಲ್ಲ.

ಪ್ರಮಾಣ ಎಷ್ಟು ಎಂದು ಹೇಳುವುದು ಸಮತೋಲನ ಸ್ಥಿರಾಂಕ, ನಾವು ಕೆ ಎಂದು ಕರೆಯುವುದು. ಸಮತೋಲನದಲ್ಲಿ ಉತ್ಪನ್ನಗಳ ಸಾಂದ್ರತೆಗಳನ್ನು ಗುಣಿಸಿ, ಅದನ್ನು ಕ್ರಿಯೆಗೆ ಇಳಿದ ಪದಾರ್ಥಗಳ ಸಾಂದ್ರತೆಗಳ ಗುಣಲಬ್ಧದಿಂದ ಭಾಗಿಸಿದರೆ ಅದು ಸಿಗುತ್ತದೆ. ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ 1864ರಲ್ಲಿ ಈ ದಾರಿ ತೋರಿಸಿದರು. ಕೆ ಒಂದು ಸಂಖ್ಯೆ ಹೌದು, ಆದರೆ ಅದನ್ನು ಒಂದು ವಾಕ್ಯದ ಹಾಗೆ ಓದಬೇಕು. ನೈಟ್ರೋಜನ್ ಮತ್ತು ಆಕ್ಸಿಜನ್ ಸೇರಿ ನೈಟ್ರಿಕ್ ಆಕ್ಸೈಡ್ ಆಗುವ ಕ್ರಿಯೆಗೆ 25 ಡಿಗ್ರಿಯಲ್ಲಿ ಕೆ ಬೆಲೆ 10⁻³¹ರ ಆಸುಪಾಸು. ಅಂದರೆ ನಾವು ಉಸಿರಾಡುವ ಗಾಳಿಯಲ್ಲಿ ಇವೆರಡೂ ಒಟ್ಟಿಗೆ ಇದ್ದರೂ ನೈಟ್ರಿಕ್ ಆಕ್ಸೈಡ್ ಆಗುವುದು ಇಲ್ಲವೆನ್ನುವಷ್ಟು ಕಡಿಮೆ. ಇಷ್ಟನ್ನು ಒಂದೂ ಸಾಲು ಲೆಕ್ಕ ಮಾಡದೆ ಹೇಳಬಹುದು.

ಈಗ ಒಂದು ಲೆಕ್ಕ ತೆಗೆದುಕೊಳ್ಳೋಣ. ಒಂದು ಲೀಟರ್ ಪಾತ್ರೆಯಲ್ಲಿ 1 ಮೋಲ್ ಹೈಡ್ರೋಜನ್, 1 ಮೋಲ್ ಅಯೋಡಿನ್ (ಡಜನ್ ಇದ್ದ ಹಾಗೆ, ಮೋಲ್ ಎಂದರೆ ಕಣಗಳನ್ನು ಎಣಿಸುವ ಅಳತೆ). ಇವು ಸೇರಿ 2 ಹೈಡ್ರೋಜನ್ ಅಯೋಡೈಡ್ ಆಗುತ್ತದೆ. ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ಕೆ 50ರ ಹತ್ತಿರ ಇರುತ್ತದೆ. ವರ್ಗಮೂಲ ಸುಲಭವಾಗಲಿ ಎಂದು 49 ಇಟ್ಟುಕೊಳ್ಳೋಣ.

ಪೆನ್ನು ಕೆಳಗಿಡಿ. ಕೆ ಒಂದಕ್ಕಿಂತ ದೊಡ್ಡದು, ಹಾಗಾಗಿ ಬಹುಪಾಲು ಉತ್ಪನ್ನ ಆಗಿರುತ್ತದೆ. ಆದರೆ ಲಕ್ಷ ಕೋಟಿಯಷ್ಟು ದೊಡ್ಡದಲ್ಲ, ಹಾಗಾಗಿ ಸ್ವಲ್ಪ ಹೈಡ್ರೋಜನ್, ಸ್ವಲ್ಪ ಅಯೋಡಿನ್ ಉಳಿದೇ ಇರುತ್ತದೆ. ಅರ್ಧಕ್ಕಿಂತ ಜಾಸ್ತಿ ಖರ್ಚಾಗಿರುತ್ತದೆ, ಪೂರ್ತಿ ಅಲ್ಲ. ಈ ಅಂದಾಜನ್ನು ಪುಟದ ಅಂಚಲ್ಲಿ ಪೆನ್ಸಿಲ್‌ನಲ್ಲಿ ಬರೆಯಿರಿ ಎಂದು ನಾನು ಹಟ ಮಾಡುತ್ತೇನೆ.

ಆಮೇಲೆ ಮೂರು ಸಾಲಿನ ಕೋಷ್ಟಕ: ಆರಂಭ, ಬದಲಾವಣೆ, ಸಮತೋಲನ. ಖರ್ಚಾದ ಹೈಡ್ರೋಜನ್ ಎಕ್ಸ್ ಮೋಲ್ ಎಂದರೆ, ಹೈಡ್ರೋಜನ್ 1 ಇದ್ದದ್ದು 1 − ಎಕ್ಸ್ ಆಗುತ್ತದೆ. ಅಯೋಡಿನ್ ಸಹ ಹಾಗೇ. ಹೈಡ್ರೋಜನ್ ಅಯೋಡೈಡ್ ಸೊನ್ನೆಯಿಂದ 2ಎಕ್ಸ್ ಆಗುತ್ತದೆ. ಇಲ್ಲಿ ಕೆ ಸೂತ್ರ ಎಂದರೆ ಹೈಡ್ರೋಜನ್ ಅಯೋಡೈಡ್‌ನ ವರ್ಗವನ್ನು ಹೈಡ್ರೋಜನ್, ಅಯೋಡಿನ್‌ಗಳ ಗುಣಲಬ್ಧದಿಂದ ಭಾಗಿಸುವುದು. ಅದರಲ್ಲಿ ಹಾಕಿ ವರ್ಗಮೂಲ ತೆಗೆದರೆ 2ಎಕ್ಸ್ ಭಾಗಿಸು (1 − ಎಕ್ಸ್) ಸಮ 7. ಎಕ್ಸ್ 0.778. ಹೈಡ್ರೋಜನ್ 0.222, ಅಯೋಡಿನ್ 0.222, ಹೈಡ್ರೋಜನ್ ಅಯೋಡೈಡ್ 1.556 ಮೋಲ್. ಪೆನ್ಸಿಲ್ ಅಂದಾಜಿಗೆ ಸರಿಹೊಂದುತ್ತದೆ. ವರ್ಗಮೂಲ ತೆಗೆಯದೆ ವರ್ಗಸಮೀಕರಣ ಬಿಡಿಸಿದವರಿಗೆ ಇನ್ನೊಂದು ಉತ್ತರವೂ ಸಿಗುತ್ತದೆ, 1.4. ಇದ್ದದ್ದೇ 1 ಮೋಲ್, 1.4 ಎಲ್ಲಿಂದ ಖರ್ಚು ಮಾಡುವುದು? ಅಂದಾಜು ಬರೆದುಕೊಂಡವರು ಅದನ್ನು ತಕ್ಷಣ ಹೊಡೆದುಹಾಕುತ್ತಾರೆ.

ಇಲ್ಲಿ ಮಕ್ಕಳು ಅತಿ ಹೆಚ್ಚು ಮಾಡುವ ತಪ್ಪು ಎಂದರೆ 2ಎಕ್ಸ್ ಬದಲು ಸುಮ್ನೆ ಎಕ್ಸ್ ಬರೆಯುವುದು. ಆಗ ಎಕ್ಸ್ 0.875 ಬರುತ್ತದೆ. "ಉತ್ತರ ತಾಳೆ ನೋಡಿದೆಯಾ?" ಎಂದರೆ "ನೋಡಿದೆ ಮೇಡಂ, 49 ಬಂತು" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. 0.875ರ ವರ್ಗವನ್ನು 0.125ರ ವರ್ಗದಿಂದ ಭಾಗಿಸಿದರೆ ನಿಜವಾಗಿ 49 ಬರುತ್ತದೆ. ತಪ್ಪು ಕೋಷ್ಟಕವೂ ಕೆ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಏಕೆಂದರೆ ಎಕ್ಸ್ ಕಂಡುಹಿಡಿದದ್ದೇ ಆ ಸಮೀಕರಣದಿಂದ. ಈ ತಪ್ಪನ್ನು ಹಿಡಿಯಬೇಕಾದರೆ ಪರಮಾಣು ಎಣಿಸಬೇಕು. ಶುರುವಿನಲ್ಲಿ 1 ಮೋಲ್ ಅಯೋಡಿನ್ ಇತ್ತು, ಅಂದರೆ 2 ಮೋಲ್ ಅಯೋಡಿನ್ ಪರಮಾಣು. ತಪ್ಪು ಉತ್ತರದಲ್ಲಿ 0.25 ಮತ್ತು 0.875 ಕೂಡಿದರೆ 1.125. ಉಳಿದದ್ದು ಎಲ್ಲಿ ಹೋಯಿತು? ಸರಿ ಉತ್ತರದಲ್ಲಿ 0.444 ಮತ್ತು 1.556, ಕೂಡಿದರೆ ಸರಿಯಾಗಿ 2. ಅಡಿಕೆ ಮಂಡಿಯಲ್ಲಿ ಚೀಲ ಎಣಿಸುವವರ ಮನೆಯಿಂದ ಬಂದ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಬಂದ ಚೀಲ, ಹೋದ ಚೀಲ, ಉಳಿದ ಚೀಲ ತಾಳೆಯಾಗಬೇಕು ಎಂದರೆ ಅವರಿಗೆ ಎರಡನೇ ಸಲ ಹೇಳಬೇಕಿಲ್ಲ. ಉತ್ತರಕ್ಕೆ ಎರಡು ಪರೀಕ್ಷೆ ಬೇಕು. ಕೆ ಸರಿಯಾಗಬೇಕು, ಪರಮಾಣುಗಳ ಲೆಕ್ಕವೂ ಸರಿಯಾಗಬೇಕು.

ಶುರುವಿನಲ್ಲೇ ಎಲ್ಲವೂ ಇದ್ದರೆ ದಿಕ್ಕು ಯಾವುದು ಎಂಬ ಪ್ರಶ್ನೆ ಬರುತ್ತದೆ. ಅದೇ ಪಾತ್ರೆಯಲ್ಲಿ ಹೈಡ್ರೋಜನ್ 0.1, ಅಯೋಡಿನ್ 0.1, ಹೈಡ್ರೋಜನ್ ಅಯೋಡೈಡ್ 2 ಮೋಲ್ ಇದೆ ಎನ್ನೋಣ. ಈಗಿನ ಅಂಕಿಗಳನ್ನೇ ಕೆ ಸೂತ್ರದಲ್ಲಿ ಹಾಕಿದರೆ ಸಿಗುವುದು ಕ್ಯೂ. ಇಲ್ಲಿ 400. ಕೆ 49, ಕ್ಯೂ 400. ಉತ್ಪನ್ನ ಬೇಕಾದ್ದಕ್ಕಿಂತ ಜಾಸ್ತಿ ಇದೆ, ಹಾಗಾಗಿ ಕ್ರಿಯೆ ಹಿಂದಕ್ಕೆ ಹೋಗಬೇಕು. ಹೈಡ್ರೋಜನ್ 0.1 + ಎಕ್ಸ್, ಹೈಡ್ರೋಜನ್ ಅಯೋಡೈಡ್ 2 − 2ಎಕ್ಸ್. ಎಕ್ಸ್ 0.144 ಸಿಗುತ್ತದೆ. ದಿಕ್ಕು ತಪ್ಪಿಸಿ ಬರೆದವರಿಗೆ ಮೈನಸ್ 0.144 ಬರುತ್ತದೆ. ಅವರು ಹೆದರಿ ಇಡೀ ಪುಟ ಹೊಡೆದುಹಾಕುತ್ತಾರೆ. ಹೊಡೆಯಬೇಡಿ. ನೀನು ಹಿಡಿದ ದಿಕ್ಕಿನ ಎದುರು ದಿಕ್ಕಿಗೆ ಹೋಗು ಎಂದು ಆ ಮೈನಸ್ಸೇ ಹೇಳುತ್ತಿದೆ. ಸಮೀಕರಣ ನಿಮ್ಮನ್ನು ತಿದ್ದುತ್ತಿದೆ, ಅಷ್ಟೇ.

ಎಕ್ಸ್ ಬಿಟ್ಟುಬಿಡುವ ಅಭ್ಯಾಸದ ಬಗ್ಗೆಯೂ ಹೇಳಬೇಕು. ಸಿಇಟಿ, ನೀಟ್ ತಯಾರಿಯಲ್ಲಿ ಸಮಯ ಉಳಿಸಲು "ಎಕ್ಸ್ ಚಿಕ್ಕದು, ಬಿಟ್ಟುಬಿಡಿ" ಎಂದು ಕಲಿಸುತ್ತಾರೆ. ಅಂದರೆ 0.1 − ಎಕ್ಸ್ ಇದ್ದಲ್ಲಿ ಬರೀ 0.1 ಎಂದು ಬರೆಯುವುದು. ಅಸಿಟಿಕ್ ಆಮ್ಲ ನೀರಿನಲ್ಲಿ ಅಯಾನುಗಳಾಗಿ ಒಡೆಯುವ ಕ್ರಿಯೆಯ ಸ್ಥಿರಾಂಕ 1.8 × 10⁻⁵. ಒಡೆದ ಪ್ರಮಾಣವೇ ಇಲ್ಲಿ ಎಕ್ಸ್. 0.1 ಮೋಲಾರ್, ಅಂದರೆ ಲೀಟರಿಗೆ 0.1 ಮೋಲ್ ಇರುವ ದ್ರಾವಣದಲ್ಲಿ ಎಕ್ಸ್ 0.00134 ಬರುತ್ತದೆ. ಇದು 0.1ರಲ್ಲಿ ಶೇಕಡ 1.3 ಮಾತ್ರ, ಬಿಟ್ಟರೆ ನಷ್ಟವಿಲ್ಲ. ಅದೇ ಆಮ್ಲವನ್ನು ನೂರು ಪಟ್ಟು ತೆಳು ಮಾಡಿ 0.001 ಮೋಲಾರ್ ಮಾಡಿದರೆ, ಬಿಟ್ಟು ಮಾಡಿದ ಲೆಕ್ಕದಲ್ಲಿ ಎಕ್ಸ್ 0.000134. ಅದು ಶೇಕಡ 13. ಈಗ ಬಿಡುವಂತಿಲ್ಲ. ಪೂರ್ತಿ ಬಿಡಿಸಿದರೆ 0.000125 ಸಿಗುತ್ತದೆ. ಆಮ್ಲ ಅದೇ, ಸ್ಥಿರಾಂಕ ಅದೇ, ಆದರೆ ಒಂದು ಕಡೆ ಬಿಡಬಹುದು, ಇನ್ನೊಂದು ಕಡೆ ಬಿಡಬಾರದು. ಮೊದಲು ಬಿಟ್ಟು ನೋಡಿ, ಬಂದದ್ದು ಶೇಕಡ 5ರ ಒಳಗಿದ್ದರೆ ಇಟ್ಟುಕೊಳ್ಳಿ, ಮೀರಿದರೆ ವಾಪಸ್ ಹೋಗಿ. ವಾಪಸ್ ಹೋಗುವ ಈ ಒಂದು ಹೆಜ್ಜೆಯನ್ನು ಹೇಳಿಕೊಡದೆ ಬಿಡುವುದನ್ನು ಮಾತ್ರ ಕಲಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಸಮತೋಲನವನ್ನು ಕದಡಿದರೆ ಕ್ರಿಯೆ ಆ ಬದಲಾವಣೆಯನ್ನು ಕಡಿಮೆ ಮಾಡುವ ಕಡೆಗೆ ಸರಿಯುತ್ತದೆ ಎನ್ನುವ ಲೆ ಶಾಟೆಲಿಯೇ ತತ್ವವನ್ನು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ, ಅದನ್ನು ಬೆಳೆಸುವುದಿಲ್ಲ. ಒಂದು ಮಾತು ಮಾತ್ರ. ಒತ್ತಡ ಬದಲಿಸಿ, ಪದಾರ್ಥ ಸೇರಿಸಿ, ತೆಗೆಯಿರಿ, ಕೆ ಬದಲಾಗುವುದಿಲ್ಲ. ಉಷ್ಣತೆ ಬದಲಿಸಿದರೆ ಮಾತ್ರ ಬದಲಾಗುತ್ತದೆ. ನಮ್ಮ ಮೆಕ್ಕೆಜೋಳದ ಹೊಲಕ್ಕೆ ಬರುವ ಯೂರಿಯಾದ ಹಿಂದೆ ಅಮೋನಿಯಾ ಇದೆ. ಅಮೋನಿಯಾ ಆಗುವಾಗ ಶಾಖ ಹೊರಬೀಳುತ್ತದೆ, ಹಾಗಾಗಿ ತಣ್ಣಗಿದ್ದಷ್ಟೂ ಕೆ ದೊಡ್ಡದು. ಆದರೂ ಕಾರ್ಖಾನೆಯಲ್ಲಿ 400ರಿಂದ 500 ಡಿಗ್ರಿ ಇಡುತ್ತಾರೆ. ತಣ್ಣಗಿದ್ದರೆ ಕ್ರಿಯೆ ತೀರಾ ನಿಧಾನ. ಎಷ್ಟು ಆಗುತ್ತದೆ ಎಂದು ಕೆ ಹೇಳುತ್ತದೆ, ಎಷ್ಟು ಬೇಗ ಆಗುತ್ತದೆ ಎಂದು ಹೇಳುವುದಿಲ್ಲ. ಜರ್ಮನಿಯ ರಸಾಯನಶಾಸ್ತ್ರಜ್ಞ ಹೇಬರ್ 1909ರಲ್ಲಿ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ್ದು 1913ರಲ್ಲಿ ಅಲ್ಲಿಯದೇ ಓಪ್ಪಾವ್‌ನಲ್ಲಿ ಕಾರ್ಖಾನೆಯಾಯಿತು. ಜಾಸ್ತಿ ಒತ್ತಡ ಮತ್ತು ಕಬ್ಬಿಣದ ವೇಗವರ್ಧಕದಿಂದ ಅದು ಸಾಧ್ಯವಾಯಿತು.

ನಾನು ಕೊನೆಯ ವಾರಕ್ಕೆ ಉಳಿಸಿಕೊಳ್ಳುವ ಲೆಕ್ಕ ನಮ್ಮ ಕಡೆಯದೇ. ಜಗಳೂರು, ಚಿತ್ರದುರ್ಗದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ಮಕ್ಕಳಿಗೆ ಗೊತ್ತು. ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತರುವುದು ಎಷ್ಟೋ ಸಲ ಅವರದೇ ಕೆಲಸ. ಕ್ಯಾಲ್ಸಿಯಂ ಫ್ಲೋರೈಡ್‌ನ ವಿಲೀನತಾ ಗುಣಲಬ್ಧ, ಅಂದರೆ ಕರಗುವ ಕ್ರಿಯೆಯ ಕೆ, ಸುಮಾರು 4 × 10⁻¹¹ ಎಂದು ಕೊಡುತ್ತೇನೆ. ಕರಗಿದ ಕ್ಯಾಲ್ಸಿಯಂ ಅನ್ನು ಫ್ಲೋರೈಡ್‌ನ ವರ್ಗದಿಂದ ಗುಣಿಸಿದರೆ ಅದು ಬರುತ್ತದೆ. ಈ ಖನಿಜ ಬರೀ ಶುದ್ಧ ನೀರಿನಲ್ಲಿ ಕರಗಿದರೆ ಲೀಟರಿಗೆ ಎಷ್ಟು ಫ್ಲೋರೈಡ್? ಕ್ಯಾಲ್ಸಿಯಂ ಎಕ್ಸ್ ಆದರೆ ಫ್ಲೋರೈಡ್ 2ಎಕ್ಸ್, ಹಾಗಾಗಿ 4ಎಕ್ಸ್³ ಸಮ 4 × 10⁻¹¹. ಎಕ್ಸ್ 2.15 × 10⁻⁴, ಫ್ಲೋರೈಡ್ ಅದರ ಎರಡು ಪಟ್ಟು, ಲೀಟರಿಗೆ ಸುಮಾರು 8 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5.

ಈಗ ನೀರಿನಲ್ಲಿ ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎನ್ನೋಣ. ಅದು 10⁻³ ಮೋಲ್. ಫ್ಲೋರೈಡ್ 2 × 10⁻⁴ ಮೋಲ್‌ಗೆ ಇಳಿಯುತ್ತದೆ, ಸುಮಾರು 3.8 ಮಿಲಿಗ್ರಾಂ. ಸಮಾನ ಅಯಾನು ಪರಿಣಾಮ ಎಂದು ಪಠ್ಯದಲ್ಲಿ ಓದಿದ್ದು ಇದೇ. ಕ್ಯಾಲ್ಸಿಯಂ ಕಡಿಮೆ ಇರುವ, ಸೋಡಿಯಂ ಬೈಕಾರ್ಬೊನೇಟ್ ಜಾಸ್ತಿ ಇರುವ ನೀರಿನಲ್ಲಿ ಫ್ಲೋರೈಡ್ ಏರುವುದಕ್ಕೆ ಇದೂ ಒಂದು ಕಾರಣ. ನಿಜವಾದ ನೀರಿನಲ್ಲಿ ಬೇರೆ ಲವಣಗಳೂ ಇರುವುದರಿಂದ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ದಿಕ್ಕು ಬದಲಾಗುವುದಿಲ್ಲ.

ಕಳೆದ ವರ್ಷ ಜಗಳೂರು ಕಡೆಯ ಒಬ್ಬ ಹುಡುಗ ಕೇಳಿದ. "ಹಾಗಾದ್ರೆ ನೀರಿಗೆ ಸುಣ್ಣ ಹಾಕಿದ್ರೆ ಸಾಕಲ್ವಾ ಮೇಡಂ? ಕ್ಯಾಲ್ಸಿಯಂ ಜಾಸ್ತಿ ಆದ್ರೆ ಫ್ಲೋರೈಡ್ ತಳಕ್ಕೆ ಕೂರುತ್ತೆ."

"ಎಷ್ಟು ಹಾಕಬೇಕು ಅಂತ ಲೆಕ್ಕ ಮಾಡಪ್ಪ. 1.5ಕ್ಕೆ ಇಳಿಸಬೇಕು."

ಅವನು ಮೊದಲು ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ: "40ಕ್ಕಿಂತ ತುಂಬಾ ಜಾಸ್ತಿ." ಆಮೇಲೆ ಲೆಕ್ಕಕ್ಕೆ ಇಳಿದ. 1.5 ಮಿಲಿಗ್ರಾಂ ಅಂದರೆ 7.9 × 10⁻⁵ ಮೋಲ್. ಅದರ ವರ್ಗದಿಂದ 4 × 10⁻¹¹ ಅನ್ನು ಭಾಗಿಸಿದರೆ 6.4 × 10⁻³. ಲೀಟರಿಗೆ ಸುಮಾರು 257 ಮಿಲಿಗ್ರಾಂ ಕ್ಯಾಲ್ಸಿಯಂ ಕರಗಿ ಉಳಿದಿರಬೇಕು. ಕುಡಿಯುವ ನೀರಿನಲ್ಲಿ ಕ್ಯಾಲ್ಸಿಯಂಗೂ ಮಿತಿ ಇದೆ, ಹೆಚ್ಚೆಂದರೆ 200. ಅವನು ಸ್ವಲ್ಪ ಹೊತ್ತು ಪುಟ ನೋಡುತ್ತಾ ಕೂತ. "ಸುಣ್ಣ ಒಂದರಿಂದ ಆಗಲ್ಲ ಮೇಡಂ" ಎಂದ. ಆಗ ನಾನು ನಲ್ಗೊಂಡ ವಿಧಾನದ ಬಗ್ಗೆ ಹೇಳಿದೆ. ಅದು ನೀರಿನಿಂದ ಫ್ಲೋರೈಡ್ ತೆಗೆಯುವ ಒಂದು ದಾರಿ. ಅದರಲ್ಲಿ ಸುಣ್ಣದ ಜೊತೆ ಪಟಕ (ಆಲಂ) ಹಾಕುತ್ತಾರೆ, ಪಟಕದಿಂದ ಹುಟ್ಟುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಪಟಕ ಯಾಕೆ ಬೇಕಾಯಿತು ಎಂದು ಅವನಿಗೆ ನಾನು ವಿವರಿಸಬೇಕಾಗಲಿಲ್ಲ. ಅವನ ಪುಟದಲ್ಲೇ ಇತ್ತು, 257.